ಗುಡುಗುಡಿಗೆ ಜಾಗ ಸಿಗದ ಜಗಲಿ

ಹೊಗೆ ಸೇದುವ ಸಾಧನಗಳ ಚರಿತ್ರೆಯಲ್ಲಿ ಯಾವ ಕಾಲಕ್ಕೆ ಹೋದರೂ ಎರಡು ಪಂಗಡಗಳು ಕಾಣುತ್ತವೆ. ಒಂದು ಪಂಗಡಕ್ಕೆ ದೊಡ್ಡದೇ ಬೇಕು: ಅಗಲ ಬಟ್ಟಲು, ಉದ್ದ ನಳಿಗೆ, ಕಂಡವರು ತಿರುಗಿ ನೋಡುವಂಥ ಆಕಾರ. ಇನ್ನೊಂದಕ್ಕೆ ಮುಷ್ಟಿಯೊಳಗೆ ಅಡಗುವ, ತಲೆಮಾರುಗಳಿಂದ ರೂಪ ಬದಲಿಸದ ಸಣ್ಣದು ಸಾಕು. ಯುರೋಪಿನ ಮರದ ಪೈಪುಗಳನ್ನು ಕುರಿತ ಇಂಥ ಚರ್ಚೆಗೆ ಆರೇಳು ದಶಕಗಳ ವಯಸ್ಸು. ನಮ್ಮ ನಾಡಿನಲ್ಲಿ ಹುಕ್ಕಾ ಮತ್ತು ಚಿಲುಮೆಗಳ ನಡುವಿನ ಆಯ್ಕೆಗೆ ನಾನೂರು ವರ್ಷ ದಾಟಿದೆ. ಎರಡೂ ಕಡೆ ಇದನ್ನು ಅವರವರ ರುಚಿ ಎಂದು ತೀರ್ಮಾನಿಸಿ ಸುಮ್ಮನಾಗುವುದು ರೂಢಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಚರಿತ್ರೆಯನ್ನು ಮುಂದಿಟ್ಟುಕೊಂಡರೆ ಆ ತೀರ್ಮಾನ ನಿಲ್ಲುವುದಿಲ್ಲ. ಈ ಸೀಮೆಗೆ ದೊಡ್ಡ ಹುಕ್ಕಾದ ಪರಿಚಯ ಇಲ್ಲದಿರಲಿಲ್ಲ. ಅದನ್ನು ಸೇದುವ ದೊರೆಗಳು, ಸರದಾರರು, ಅಧಿಕಾರಿಗಳು ಇಲ್ಲೇ ಆಳಿದರು. ಆದರೂ ಹಳ್ಳಿಯ ಜಗಲಿಯ ಮೇಲೆ ಅದು ನೆಲೆಯೂರಲಿಲ್ಲ. ಉಳಿದದ್ದು ಮಣ್ಣಿನ ಚಿಲುಮೆ, ಎಲೆ ಸುತ್ತಿದ ಚುಟ್ಟ, ಆಮೇಲೆ ಬೀಡಿ. ನನ್ನ ವಾದ ಇಷ್ಟು: ಸೇದುವ ಸಾಧನದ ಗಾತ್ರವನ್ನು ನಿರ್ಧರಿಸುವುದು ನಾಲಿಗೆಯೂ ಅಲ್ಲ, ಕಿಸೆಯೂ ಅಲ್ಲ. ಒಬ್ಬ ಮನುಷ್ಯ ಒಂದೆಡೆ ಎಷ್ಟು ಹೊತ್ತು ಕೂರಬಲ್ಲ, ಯಾರ ಜೊತೆ ಕೂರಬಲ್ಲ, ಅವನ ಮನೆಯೊಳಗೆ ಹೊಗೆಗೆ ಜಾಗವಿದೆಯೇ ಎಂಬ ಮೂರು ಪ್ರಶ್ನೆಗಳು ಅದನ್ನು ನಿರ್ಧರಿಸುತ್ತವೆ.

ಕತೆ ಆರಂಭವಾಗುವುದು ಕನ್ನಡ ನಾಡಿನಲ್ಲೇ. ಪೋರ್ಚುಗೀಸರು ತಂದ ಹೊಗೆಸೊಪ್ಪು ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ಬಿಜಾಪುರದ ಪೇಟೆಯನ್ನು ಸೇರಿತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನಕ್ಕೆ ಅಕ್ಬರನ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್, ಉತ್ತರದಲ್ಲಿ ಅಲ್ಲಿಯವರೆಗೆ ಕಂಡಿರದ ಈ ಸೊಪ್ಪನ್ನು ಬಿಜಾಪುರದಲ್ಲಿ ನೋಡಿ, 1604ರ ಸುಮಾರಿಗೆ ಆಗ್ರಾಕ್ಕೆ ಒಯ್ದ. ಬರಿಗೈಯಲ್ಲಿ ಸೊಪ್ಪು ಒಯ್ದರೆ ಬಾದಶಹನಿಗೆ ಕಾಣಿಕೆಯಾದೀತೇ? ಅದಕ್ಕೊಂದು ಕೊಳವೆ ಮಾಡಿಸಿದ. ಅವನೇ ಬರೆದಿಟ್ಟಿರುವ ವಿವರದ ಪ್ರಕಾರ ಆ ಕೊಳವೆಯ ನಳಿಗೆ ಮೂರು ಮೊಳ ಉದ್ದವಿತ್ತು, ಸುಮಾತ್ರಾ ದ್ವೀಪದ ಅಚೇಹ್ ಪ್ರಾಂತದಿಂದ ಬಂದದ್ದು. ಎರಡೂ ತುದಿಗೆ ರತ್ನ ಮತ್ತು ಮೀನಾ ಕೆಲಸ. ಬಾಯಿಗಿಡುವ ತುದಿ ಯೆಮೆನ್ ದೇಶದ ಕೆಂಪು ಅಕೀಕ ಕಲ್ಲಿನದು. ಬೆಂಕಿಯ ಬಟ್ಟಲು ಬಂಗಾರದ್ದು. ಅಕ್ಬರ್ ಎರಡು ಮೂರು ಸಲ ಎಳೆದ, ವೈದ್ಯ ಬೇಡವೆಂದ, ದೊರೆ ಅಲ್ಲಿಗೇ ನಿಲ್ಲಿಸಿದ. ಆದರೆ ಅಸದ್ ಬೇಗ್ ಹೆಚ್ಚಿಗೆ ತಂದಿದ್ದ ಸೊಪ್ಪನ್ನೂ ಕೊಳವೆಗಳನ್ನೂ ಅಮೀರರು ಕೇಳಿ ಪಡೆದರು, ವರ್ತಕರು ಮಾರಲು ಶುರುಮಾಡಿದರು, ಚಟ ಹಬ್ಬಿತು. 1617ರಲ್ಲಿ ಜಹಾಂಗೀರ್ ನಿಷೇಧ ಹೊರಡಿಸುವಷ್ಟು ಅದು ಬೆಳೆದಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಆ ಮೂರು ಮೊಳದ ಉದ್ದ. ಸೇದುವುದಕ್ಕೆ ಅಷ್ಟುದ್ದ ಬೇಕಿರಲಿಲ್ಲ, ತೋರಿಸುವುದಕ್ಕೆ ಬೇಕಿತ್ತು. ದೊಡ್ಡ ಕೊಳವೆ ಹುಟ್ಟಿನಿಂದಲೇ ಒಡ್ಡೋಲಗದ ವಸ್ತು.

ಈ ಒಡ್ಡೋಲಗ ಚಿಕ್ಕಬಳ್ಳಾಪುರ ಸೀಮೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1638ರಲ್ಲಿ ಬಿಜಾಪುರದ ಸೇನೆ ರಣದುಲ್ಲಾ ಖಾನನ ನಾಯಕತ್ವದಲ್ಲಿ ಬೆಂಗಳೂರನ್ನು ಹಿಡಿಯಿತು. ಬೆಂಗಳೂರಿನ ಜೊತೆಗೆ ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾಗಳು ಬಿಜಾಪುರದ ಸರದಾರ ಷಹಜಿಯ ಜಹಗೀರಾದವು. ಅಕ್ಬರನ ಕೈಗೆ ಕೊಳವೆ ಹೋದ ಅದೇ ಆಸ್ಥಾನ ಮೂವತ್ತೈದು ವರ್ಷದೊಳಗೆ ನಂದಿ ಬೆಟ್ಟದ ಸುತ್ತಮುತ್ತಲಿನ ಒಡೆಯನಾಯಿತು. 1687ರಲ್ಲಿ ಬಿಜಾಪುರದ ಜಾಗಕ್ಕೆ ಮೊಗಲರು ಬಂದು ಶಿರಾ ಸುಬಾ ಸ್ಥಾಪಿಸಿದರು. ಆವತಿಯ ಗೌಡರ ವಂಶದ ಚಿಕ್ಕಬಳ್ಳಾಪುರದ ಪಾಳೆಯಗಾರರು ಕಪ್ಪ ಕೊಡುತ್ತಿದ್ದದ್ದು ಇಂಥ ದರ್ಬಾರುಗಳಿಗೆ. ಮರಾಠರು ಬಂದರು, ಚಿಂತಾಮಣಿ ಪಟ್ಟಣಕ್ಕೆ ಹೆಸರು ಬಂದದ್ದೇ ಮರಾಠ ಮುಖಂಡ ಚಿಂತಾಮಣಿರಾಯನಿಂದ. ಹೈದರಾಲಿ ಹುಟ್ಟಿದ ಬೂದಿಕೋಟೆ, ಅವನ ತಂದೆ ಫತೇ ಮಹಮ್ಮದನ ಗೋರಿ ಇರುವ ಕೋಲಾರ, ಎರಡೂ ಇಲ್ಲಿಗೆ ಒಂದೆರಡು ದಿನದ ನಡಿಗೆ. ಆದ್ದರಿಂದ, ಹಳ್ಳಿಯವರಿಗೆ ಹುಕ್ಕಾ ಗೊತ್ತಿರಲಿಲ್ಲ, ಗೊತ್ತಿದ್ದರೆ ಸೇದುತ್ತಿದ್ದರು ಎಂಬ ಮಾತಿಗೆ ಆಧಾರವಿಲ್ಲ. ಅಮಲ್ದಾರನ ಕಚೇರಿಗೆ ಕಂದಾಯ ಕಟ್ಟಲು ಹೋದ ಪಟೇಲನಿಗೆ ಅದು ಕಾಣದೆ ಇರಲು ಸಾಧ್ಯವಿಲ್ಲ. ಕಂಡೂ ಮನೆಗೆ ತರಲಿಲ್ಲ ಎಂಬುದೇ ನಮ್ಮ ಪ್ರಶ್ನೆ.

ಹಾಗೆ ಕಂಡ ವಸ್ತು ಎಂಥದ್ದಾಗಿತ್ತು ಎಂಬುದಕ್ಕೆ ಬೀದರ್ ಸಾಕ್ಷಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲ್ಮೈಯನ್ನು ಕೆತ್ತಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸುವ ಬಿದರಿ ಕೆಲಸದಲ್ಲಿ ನೂರಾರು ವರ್ಷ ಹೆಚ್ಚಾಗಿ ತಯಾರಾದ ವಸ್ತುಗಳಲ್ಲಿ ಹುಕ್ಕಾದ ನೀರಿನ ಪಾತ್ರೆಯೂ ಒಂದು. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಳೆಯ ಪಾತ್ರೆಗಳು ಚೆಂಡಿನಂತೆ ಗುಂಡಗಿವೆ. ಅವನ್ನು ನಿಲ್ಲಿಸಲು ಕೆಳಗೆ ಸಿಂಬೆಯಂಥ ಬಳೆ ಬೇಕಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಚಪ್ಪಟೆ ತಳದ ಗಂಟೆಯಾಕಾರ ಮುಂದೆ ಬಂತು. ಇದು ಚೆಂದಕ್ಕಾಗಿ ಆದ ಬದಲಾವಣೆ ಮಾತ್ರ ಎನ್ನಲಾಗದು. ಗಂಟೆಯಾಕಾರದ ಪಾತ್ರೆ ಜಮಖಾನದ ಮೇಲೆ ತಾನಾಗಿ ನಿಲ್ಲುತ್ತದೆ, ಉದ್ದದ ಸುರುಳಿ ನಳಿಗೆ ಎಳೆದಾಡಿದರೂ ಉರುಳುವುದಿಲ್ಲ. ಆಕಾರವನ್ನು ತಿದ್ದಿದ್ದು ಕೂರುವ ಭಂಗಿ. ಮೊಗಲ ಮತ್ತು ದಖನಿ ಚಿತ್ರಗಳಲ್ಲಿ ಹುಕ್ಕಾ ಬಂದಲ್ಲಿ ಹೆಚ್ಚಾಗಿ ದಿಂಬಿಗೆ ಒರಗಿದ ಒಬ್ಬನಿರುತ್ತಾನೆ, ಬಹಳ ಸಲ ಪಕ್ಕದಲ್ಲಿ ನಿಂತ ಆಳೂ ಇರುತ್ತಾನೆ. ಇಂಗ್ಲಿಷರು ಈ ಚಟ ಹಿಡಿದಾಗ ಆ ಆಳನ್ನೂ ಜೊತೆಗೆ ಹಿಡಿದರು. 1779ರಲ್ಲಿ ಕಲ್ಕತ್ತದಲ್ಲಿ ವಾರನ್ ಹೇಸ್ಟಿಂಗ್ಸ್ ದಂಪತಿಗಳ ಔತಣದ ಕರೆಯೋಲೆಯೊಂದರಲ್ಲಿ, ಹುಕ್ಕಾ ನೋಡಿಕೊಳ್ಳುವ ಹುಕ್ಕಾಬರದಾರನ ಹೊರತು ಬೇರೆ ಆಳುಗಳನ್ನು ಕರೆತರಬಾರದೆಂಬ ಕೋರಿಕೆ ಇತ್ತು. ಕೆಂಡ ಹಾಕಲು, ನೀರು ಬದಲಿಸಲು, ನಳಿಗೆ ತೊಳೆಯಲು ಒಬ್ಬ ಮನುಷ್ಯ ಬೇಕು. ಅವನ ಸಂಬಳ ಹುಕ್ಕಾದ ಬೆಲೆಯಲ್ಲಿ ಸೇರಿಯೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಅದೇ ಇಂಗ್ಲಿಷರು ಹುಕ್ಕಾ ಬಿಟ್ಟು ತಿರುಚಿನಾಪಳ್ಳಿಯ ಚುಟ್ಟಕ್ಕೆ ಬಂದರು. ಕುದುರೆಯ ಮೇಲೆ ಊರೂರು ತಿರುಗುವ ಜಿಲ್ಲಾಧಿಕಾರಿಗೆ ದಿಂಬಿಗೊರಗಿ ಸೇದುವ ವಸ್ತು ಒಗ್ಗುವುದಿಲ್ಲ.

ಈಗ ಸಣ್ಣದರ ಕಡೆಗೆ ಬರೋಣ. ಚಿಲುಮೆ ಎಂದರೆ ಬಾಯಿ ಅಗಲ, ಬುಡ ಕಿರಿದಾದ ಒಂದು ಗೇಣಿಗಿಂತ ಚಿಕ್ಕ ಮಣ್ಣಿನ ಕೊಳವೆ. ಒಳಗೆ ಸೊಪ್ಪು ಜಾರದಂತೆ ಒಂದು ಕಲ್ಲಿನ ಹರಳು, ಬುಡಕ್ಕೆ ಒದ್ದೆ ಬಟ್ಟೆಯ ತುಂಡು, ಮೇಲೊಂದು ಕೆಂಡ. ಕುಂಬಾರನಿರುವ ಯಾವ ಊರಿನಲ್ಲೂ ಅದು ಸಿಗುತ್ತದೆ, ಒಡೆದರೆ ಇನ್ನೊಂದು. ಚುಟ್ಟಕ್ಕೆ ಕುಂಬಾರನೂ ಬೇಡ. ಈ ಸೀಮೆಯ ದುಡಿಮೆಯನ್ನು ನೋಡಿದರೆ ಇವುಗಳ ಗೆಲುವು ಅರ್ಥವಾಗುತ್ತದೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಉತ್ತರ ಪಿನಾಕಿನಿ ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಾದರೂ ಗೌರಿಬಿದನೂರಿನ ಹತ್ತಿರ ಅದು ಮಳೆಗಾಲದ ಹೊಳೆ. ಬದುಕು ನಡೆದದ್ದು ಕೆರೆಯ ಮೇಲೆ, ಬಾವಿಯ ಮೇಲೆ. ಬಾವಿಯಿಂದ ನೀರೆತ್ತುವ ಕಪಿಲೆಯಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ಮುಂದಕ್ಕೆ ಹೊಡೆದು, ಹಿಂದಕ್ಕೆ ನಡೆಸಿ, ಬೆಳಗಿನ ಜಾವದಿಂದ ಹೊತ್ತೇರುವವರೆಗೆ ಆಡುತ್ತಲೇ ಇರಬೇಕು. ನಿಲ್ಲಿಸಿದರೆ ಕಾಲುವೆಯ ನೀರು ಮಡಿ ಮುಟ್ಟುವ ಮೊದಲೇ ಇಂಗಿ ಹೋಗುತ್ತದೆ. ರಾಗಿಯ ಹೊಲಕ್ಕೆ ಕುಂಟೆ ಹೊಡೆಯುವುದು, ಕಳೆ ಕೀಳುವುದು, ಕೆರೆಯ ನೀರಿಗೆ ನೀರುಗಂಟಿಯ ಸರದಿ ಕಾಯುವುದು, ಎಲ್ಲವೂ ನಿಂತು ಮಾಡುವ, ನಡೆದು ಮಾಡುವ ಕೆಲಸಗಳು. ಶಿವರಾತ್ರಿಯ ಹೊತ್ತಿಗೆ ನಂದಿಯ ದನಗಳ ಜಾತ್ರೆಗೆ, ಅದಕ್ಕೂ ಮೊದಲು ಘಾಟಿ ಸುಬ್ರಹ್ಮಣ್ಯಕ್ಕೆ ಎತ್ತು ಹೊಡೆದುಕೊಂಡು ದಿನಗಟ್ಟಲೆ ನಡೆಯುವವರಿಗೂ, ಕೈವಾರದ ಯೋಗಿ ನಾರೇಯಣರು ಮನೆತನದ ಕಸುಬಾಗಿ ಮಾಡಿದರೆಂದು ಹೇಳುವ ಬಳೆ ವ್ಯಾಪಾರದಂಥ ಊರೂರು ಸುತ್ತುವ ಕೆಲಸದವರಿಗೂ ನೆಲದ ಮೇಲಿಟ್ಟು ಸೇದುವ ಸಾಧನದಿಂದ ಏನು ಪ್ರಯೋಜನ? ಸೊಂಟದ ಚೀಲದಲ್ಲಿ ಹೋಗುವುದು, ಚಕಮಕಿ ಕಲ್ಲಿನ ಒಂದು ಕಿಡಿಗೆ ಹೊತ್ತುವುದು, ಅರ್ಧಕ್ಕೆ ನಂದಿಸಿ ಕಿವಿಯ ಸಂದಿಗೆ ಸಿಕ್ಕಿಸಬಹುದಾದದ್ದು ಇವರಿಗೆ ಬೇಕಿತ್ತು.

ಇದಕ್ಕೆ ಮೊದಲ ಆಕ್ಷೇಪ ಸರಳ: ಬಡವರು ಅಗ್ಗದ್ದನ್ನು ಸೇದಿದರು, ಇದರಲ್ಲಿ ವಾದ ಮಾಡುವಂಥದ್ದೇನಿದೆ? ಹುಕ್ಕಾ ಎಂದರೆ ಬಿದರಿಯ ಬೆಳ್ಳಿ ಕೆಲಸವೇ ಆಗಬೇಕಿಲ್ಲ ಎಂಬುದು ಇದಕ್ಕೆ ಉತ್ತರ. ತೆಂಗಿನ ಚಿಪ್ಪಿಗೆ ಎರಡು ತೂತು ಕೊರೆದು, ಒಂದಕ್ಕೆ ಚಿಲುಮೆ ನಿಲ್ಲಿಸಿ ಇನ್ನೊಂದಕ್ಕೆ ಜೊಂಡಿನ ಕೊಳವೆ ಸಿಕ್ಕಿಸಿದರೆ ಗುಡುಗುಡಿ ಸಿದ್ಧ. ಅದಕ್ಕೆ ಬೇಕಾದ ತೆಂಗು ಇಲ್ಲಿತ್ತು, ಕುಂಬಾರನಿದ್ದ. ಹುಕ್ಕಾದ ಸೊಪ್ಪಿಗೆ ಬೆರೆಸುವ ಬೆಲ್ಲಕ್ಕಂತೂ ಕೊರತೆಯೇ ಇರಲಿಲ್ಲ. 1800ರಲ್ಲಿ ಈ ಭಾಗದಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರದ ಸಕ್ಕರೆ, ಕಲ್ಲುಸಕ್ಕರೆಗಳನ್ನು ಮೆಚ್ಚಿ ಬರೆದಿದ್ದಾನೆ. ಹರಿಯಾಣ ಮತ್ತು ಪಶ್ಚಿಮ ಉತ್ತರ ಪ್ರದೇಶದ ಹಳ್ಳಿಗಳನ್ನು ನೋಡಿದರೆ ಬಡತನದ ವಾದ ಪೂರ್ತಿ ಕುಸಿಯುತ್ತದೆ. ಅಲ್ಲಿಯ ಸಾಧಾರಣ ರೈತರು ಕೂಡುವ ಚಾವಡಿಯಾದ ಚೌಪಾಲಿನಲ್ಲೂ ಸೊಂಟದೆತ್ತರದ ಹುಕ್ಕಾ ನಿಂತಿದೆ. ಬೆರಣಿಯ ಕೆಂಡವೇ ಅದಕ್ಕೆ ಬೆಂಕಿ. ನಮ್ಮ ಸೀಮೆಯ ಮೋರಸು ಒಕ್ಕಲಿಗ ರೈತನಿಗಿಂತ ಅಲ್ಲಿಯ ಜಾಟ್ ರೈತ ನೂರೈವತ್ತು ವರ್ಷದ ಹಿಂದೆ ಎಲ್ಲ ಕಾಲದಲ್ಲೂ ಸಿರಿವಂತನಾಗಿದ್ದ ಎನ್ನಲಾಗದು. ಬರ ಇಬ್ಬರನ್ನೂ ಬಡಿದಿದೆ. ಸಾಧನದ ಬೆಲೆ ಹತ್ತಿರ ಹತ್ತಿರ ಒಂದೇ ಇದ್ದು ಆಯ್ಕೆ ಬೇರೆಯಾದರೆ ಕಾರಣವನ್ನು ಬೆಲೆಯಾಚೆ ಹುಡುಕಬೇಕು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಬಟ್ಟಲಿನ ಗಾತ್ರ ಸೊಪ್ಪಿನ ಬೆಲೆಯನ್ನು ಹಿಂಬಾಲಿಸುತ್ತದೆ ಎಂಬುದು ಯುರೋಪಿನ ಪುರಾತತ್ವಜ್ಞರು ಕಂಡುಕೊಂಡ ಸತ್ಯ. ಇಂಗ್ಲೆಂಡಿನಲ್ಲಿ ಹದಿನಾರನೆಯ ಶತಮಾನದ ಕೊನೆಯ ಬಿಳಿ ಮಣ್ಣಿನ ಪೈಪುಗಳ ಬಟ್ಟಲು ಕಿರುಬೆರಳಿನ ತುದಿಯಷ್ಟು ಚಿಕ್ಕದು. ಹೊಗೆಸೊಪ್ಪು ಆಗ ದುಬಾರಿ. ಅಮೆರಿಕದ ವಸಾಹತುಗಳಿಂದ ಸೊಪ್ಪು ಹಡಗುಗಟ್ಟಲೆ ಬಂದು ಅಗ್ಗವಾದಂತೆ ಬಟ್ಟಲೂ ಹಿಗ್ಗಿತು. ನೆಲದಲ್ಲಿ ಸಿಕ್ಕ ಪೈಪಿನ ಕಾಲವನ್ನು ಬಟ್ಟಲಿನ ಗಾತ್ರ ನೋಡಿ ಅಂದಾಜು ಮಾಡುವಷ್ಟು ಈ ನಂಟು ಖಚಿತ. ಹಾಗಾದರೆ ಇಲ್ಲಿಯೂ ಚಿಲುಮೆ ಸಣ್ಣದಾಗಿ ಉಳಿಯಲು ಸೊಪ್ಪಿನ ಅಭಾವವೇ ಕಾರಣವಿರಬಹುದಲ್ಲ? ಕಾಲಕ್ರಮ ಇದನ್ನು ಒಪ್ಪುವುದಿಲ್ಲ. ಭಾರತದಲ್ಲಿ ಹೊಗೆಸೊಪ್ಪು ಹಡಗಿನಿಂದ ಇಳಿಯುವ ಸರಕಾಗಿ ಉಳಿದದ್ದು ಬಹಳ ಸ್ವಲ್ಪ ಕಾಲ. ಹದಿನೇಳನೆಯ ಶತಮಾನದಲ್ಲೇ ಅದು ರೈತನ ಬೆಳೆಯಾಯಿತು, ಹಿತ್ತಲ ಸೊಪ್ಪಾಯಿತು. ಯುರೋಪಿನ ನಿಯಮ ಇಲ್ಲಿ ನಡೆದಿದ್ದರೆ ಮುಂದಿನ ಇನ್ನೂರು ವರ್ಷಗಳಲ್ಲಿ ಚಿಲುಮೆ ದಪ್ಪವಾಗುತ್ತ ಹೋಗಬೇಕಿತ್ತು. ಹಾಗಾಗಲಿಲ್ಲ. ಸೊಪ್ಪು ಅಗ್ಗವಾದಾಗ ಇಂಗ್ಲೆಂಡಿನ ಕಾಫಿ ಮನೆಯಲ್ಲಿ ಕೂತವನು ದೊಡ್ಡ ಬಟ್ಟಲು ತುಂಬಿದ, ಇಲ್ಲಿಯವನು ಸಣ್ಣದನ್ನೇ ದಿನಕ್ಕೆ ಹೆಚ್ಚು ಸಲ ತುಂಬಿದ. ಒಟ್ಟು ಸೊಪ್ಪು ಹೆಚ್ಚಿತು, ಒಂದು ಸಲಕ್ಕೆ ಸಿಗುವ ಬಿಡುವು ಹೆಚ್ಚಲಿಲ್ಲ.

ಹುಕ್ಕಾ ಮುಸಲ್ಮಾನರ ರೂಢಿ, ಅದಕ್ಕೇ ಹಿಂದೂ ರೈತರು ದೂರವಿಟ್ಟರು ಎನ್ನುವವರೂ ಇದ್ದಾರೆ. ಹರಿಯಾಣದ ಉದಾಹರಣೆಯೇ ಇದಕ್ಕೂ ಉತ್ತರ. ಕನ್ನಡ ನಾಡಿನೊಳಗೇ ಸಾಕ್ಷಿ ಬೇಕೆಂದರೆ ಶಿಶುನಾಳ ಷರೀಫರಿದ್ದಾರೆ. 1819ರಿಂದ 1889ರವರೆಗೆ ಬದುಕಿದ ಅವರು ಗುಡುಗುಡಿಯನ್ನೇ ರೂಪಕ ಮಾಡಿಕೊಂಡು ತತ್ವಪದ ಕಟ್ಟಿದರು. ಗೋವಿಂದಭಟ್ಟರ ಶಿಷ್ಯರಾದ ಷರೀಫರ ಪದಗಳನ್ನು ಎಲ್ಲ ಜಾತಿಯವರೂ ಕೂತು ಕೇಳುತ್ತಿದ್ದರು, ಹಾಡುತ್ತಿದ್ದರು. ಕೇಳುಗರ ಮನೆಯಂಗಳದಲ್ಲಿ ಆ ವಸ್ತು ಪರಿಚಿತವಾಗಿರದಿದ್ದರೆ ರೂಪಕ ಹಿಡಿಯುತ್ತಿರಲಿಲ್ಲ. ಧಾರವಾಡ ಸೀಮೆಯಲ್ಲಿ ಧರ್ಮ ಅಡ್ಡ ಬರಲಿಲ್ಲ ಎಂದಮೇಲೆ ನಂದಿಯ ಸೀಮೆಯಲ್ಲಿ ಅದೊಂದೇ ಅಡ್ಡ ಬಂತು ಎನ್ನುವುದು ಹೇಗೆ? ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಮುಸಲ್ಮಾನರ ಸಂಖ್ಯೆ ಕಡಿಮೆಯೇನಲ್ಲ. ದುಡಿಯುವ ಮುಸಲ್ಮಾನರ ಕೈಗೆ ಬಂದದ್ದೂ ಬೀಡಿಯೇ.

ಧರ್ಮಕ್ಕಿಂತ ಆಳವಾಗಿ ಕೆಲಸ ಮಾಡಿದ್ದು ಎಂಜಲಿನ ಲೆಕ್ಕ ಮತ್ತು ಎಲೆಅಡಿಕೆಯ ತಟ್ಟೆ. ಉತ್ತರದ ಹಳ್ಳಿಯಲ್ಲಿ ಹುಕ್ಕಾ ಬಿರಾದರಿಯ ಗುರುತು. ಒಂದೇ ನಳಿಗೆಗೆ ಬಾಯಿ ಹಚ್ಚುವವರು ಒಂದೇ ಜಾತಿಯವರಾಗಿರಬೇಕು. ಯಾರನ್ನಾದರೂ ಬಹಿಷ್ಕರಿಸುವುದೆಂದರೆ ಅವನ ಹುಕ್ಕಾ ನೀರು ನಿಲ್ಲಿಸುವುದು. ನಮ್ಮಲ್ಲಿ ಈ ಕೆಲಸವನ್ನು ಹೊಗೆಸೊಪ್ಪು ಬರುವುದಕ್ಕೆ ನೂರಾರು ವರ್ಷ ಮೊದಲೇ ತಾಂಬೂಲ ವಹಿಸಿಕೊಂಡಿತ್ತು. ಮದುವೆ ನಿಶ್ಚಯಕ್ಕೆ ವೀಳ್ಯ, ಬಂದ ನೆಂಟನಿಗೆ ಎಲೆಅಡಿಕೆ, ಪಂಚಾಯಿತಿಯ ನ್ಯಾಯ ಮುಗಿದಾಗ ಎಲೆಅಡಿಕೆ, ಕೂಲಿಯಾಳಿಗೆ ಕೆಲಸದ ನಡುವೆ ಎಲೆಅಡಿಕೆ. ಇದರಲ್ಲಿ ಹುಕ್ಕಾಕ್ಕಿಲ್ಲದ ಒಂದು ಅನುಕೂಲವಿದೆ. ತಟ್ಟೆ ಎಲ್ಲರಿಗೂ ಒಂದೇ ಆದರೂ ಬಾಯಿಗೆ ಹೋಗುವ ಎಲೆ ಅವರವರದ್ದೇ, ಎಂಜಲಾಗುವುದಿಲ್ಲ. ಜಾತಿಯ ಗೆರೆಯಾಚೆಗೂ, ಹೆಂಗಸರ ಕೈಗೂ ಅದು ದಾಟಬಲ್ಲದು. ಹೊಗೆಸೊಪ್ಪು ಈ ಸೀಮೆಗೆ ಬಂದಾಗ ಹೊಸ ಆಸನ ಹುಡುಕಲಿಲ್ಲ. ಎಲೆಅಡಿಕೆ ಸಂಚಿಯ ಇನ್ನೊಂದು ಅರೆಯೊಳಗೆ ಹೋಗಿ ಕೂತಿತು. ಸುಣ್ಣದ ಡಬ್ಬಿ, ಅಡಕತ್ತರಿಗಳ ಜೊತೆಗೆ ಕಡ್ಡಿಪುಡಿಯೂ ಸೇರಿತು. ಮನೆಗೆ ಬಂದವರನ್ನು ಕೂರಿಸಿ ಮಾತಾಡಿಸುವ ದೊಡ್ಡ ಕೆಲಸ ತಾಂಬೂಲದ್ದಾದ ಮೇಲೆ ಸೇದುವ ಸಾಧನಕ್ಕೆ ಉಳಿದದ್ದು ಒಂಟಿಯಾಗಿ ಅಥವಾ ಇಬ್ಬರು ಮೂವರು ಸೇರಿ ಅರೆಗಳಿಗೆ ಕಳೆಯುವ ಸಣ್ಣ ಕೆಲಸ ಮಾತ್ರ. ಅಲ್ಲಿಯೂ ಚಿಲುಮೆ ಎಂಜಲಿನ ಲೆಕ್ಕಕ್ಕೆ ಒಗ್ಗಿತು. ಅದನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳ ಬುಡದ ಸಂದಿಗೆ ಬಾಯಿಟ್ಟು ಎಳೆಯುತ್ತಾರೆ. ತುಟಿ ಮಣ್ಣಿಗೆ ತಾಗುವುದಿಲ್ಲ.

ಈ ವ್ಯತ್ಯಾಸ ಎಷ್ಟು ಆಳವಾಗಿ ಉಳಿದಿದೆ ಎಂಬುದನ್ನು ನಮ್ಮ ಕಾಲದ ಅಂಕಿಗಳೂ ಹೇಳುತ್ತವೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8 ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇಕಡ 8.8, ಜಗಿಯುವ ಬಗೆಯದನ್ನು ಬಳಸುವವರು ಶೇಕಡ 16.3. ಹರಿಯಾಣದಲ್ಲಿ ಒಟ್ಟು ಬಳಕೆ ಇದಕ್ಕಿಂತ ಬಹಳ ಬೇರೆಯಲ್ಲ, ಆದರೆ ಒಳಗಿನ ಹಂಚಿಕೆ ತಲೆಕೆಳಗು: ಅಲ್ಲಿ ಐವರಲ್ಲಿ ಒಬ್ಬರು ಸೇದುವವರು, ಜಗಿಯುವವರು ಅದರ ಮೂರನೆಯ ಒಂದು ಭಾಗದಷ್ಟು. ಇದು ಇಂದಿನ ಸಮೀಕ್ಷೆ, ಇನ್ನೂರು ವರ್ಷದ ಹಿಂದಿನದಕ್ಕೆ ನೇರ ಸಾಕ್ಷಿಯಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು. ಆದರೆ ಸಿಗರೇಟು, ಜಾಹೀರಾತು, ಕಾನೂನು ಎರಡೂ ರಾಜ್ಯಕ್ಕೆ ಒಂದೇ ಆಗಿದ್ದೂ ಇಷ್ಟು ದೊಡ್ಡ ಅಂತರ ಉಳಿದಿದ್ದರೆ, ಅದು ಹಳೆಯ ರೂಢಿಯ ತೂಕವಲ್ಲದೆ ಬೇರೇನಾಗಲು ಸಾಧ್ಯ?

ಮೂರನೆಯ ಕಾರಣ ಈ ಸೀಮೆಗೆ ವಿಶೇಷವಾದದ್ದು: ರೇಷ್ಮೆ ಹುಳು. ಬಂಗಾಳದಿಂದ ಹುಳು ತರಿಸಿ ಸಾಕಣೆ ಶುರುಮಾಡಿಸಿದ ಟಿಪ್ಪುವಿನ 1780ರ ದಶಕದ ಪ್ರಯತ್ನದಿಂದ ಹಿಡಿದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ಜಮ್ಷೆಡ್‌ಜಿ ಟಾಟಾ ಸ್ಥಾಪಿಸಿದ ರೇಷ್ಮೆ ತೋಟ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೈಸೂರು ಸರ್ಕಾರ ಆರಂಭಿಸಿದ ರೇಷ್ಮೆ ಇಲಾಖೆಯವರೆಗೆ ಈ ಕಸುಬು ಬೆಳೆದು, ಶಿಡ್ಲಘಟ್ಟ ಗೂಡಿನ ಮಾರುಕಟ್ಟೆಯಲ್ಲಿ ರಾಮನಗರದ ನಂತರದ ದೊಡ್ಡ ಹೆಸರಾಯಿತು. ರೇಷ್ಮೆ ಹುಳುವಿಗೆ ನಿಕೋಟಿನ್ ಕಡು ವಿಷ. ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆ ಸೊಪ್ಪು ತಿಂದರೂ ಸಾಕು, ಹುಳು ಮೇವು ಬಿಡುತ್ತದೆ, ರಸ ಕಾರುತ್ತದೆ, ಮೈ ಮುದುಡಿ ಸಾಯುತ್ತದೆ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಬಾರದು, ಹುಳು ಮನೆಯಲ್ಲಿ ಬೀಡಿ ಹಚ್ಚಬಾರದು ಎಂಬುದು ಇಲಾಖೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಬೇರೆಯಾಗಿ ಕಟ್ಟಿದ ಹುಳು ಮನೆಗಳು ಬಂದದ್ದು ಈಚೆಗೆ. ಅದಕ್ಕೆ ಮೊದಲು ಹುಳು ಮತ್ತು ಮನೆಮಂದಿ ಒಂದೇ ಸೂರಿನಡಿ ಇದ್ದರು. ನಡುಮನೆಯ ತುಂಬ ತಟ್ಟೆಗಳು, ಜಗಲಿಯ ಮೇಲೆ ಗೂಡು ಕಟ್ಟಿಸುವ ಚಂದ್ರಿಕೆಗಳು. ಮೊಟ್ಟೆಯೊಡೆದು ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹಂತಗಳು, ಕಳೆದು ಗೂಡು ಕಟ್ಟುವವರೆಗೆ ಇಪ್ಪತ್ತೈದು ದಿನದ ಮೇಲಾಗುತ್ತದೆ, ವರ್ಷಕ್ಕೆ ಐದಾರು ಬೆಳೆ. ಎಂದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಆ ಮನೆಯ ಜಗಲಿಯಲ್ಲಿ ಹೊಗೆಯಾಡುವಂತಿಲ್ಲ. ಗಂಟೆಗಟ್ಟಲೆ ಕೆಂಡ ಉರಿಸುತ್ತ, ಹೊಗೆ ಬಿಡುತ್ತ ಕೂರುವ ಗುಡುಗುಡಿಗೆ ಇಂಥ ಮನೆಯಲ್ಲಿ ಜಾಗ ಎಲ್ಲಿಂದ ಬರಬೇಕು? ಸೇದುವುದಿದ್ದರೆ ಬೀದಿಗೆ ಹೋಗಿ, ಬೇಗ ಮುಗಿಸಿ, ಕೈ ತೊಳೆದು ಒಳಗೆ ಬರಬೇಕು. ನೂಲು ಬಿಚ್ಚುವವರ ಪಾಡೂ ಇದೇ. ಚರಕದ ಮುಂದೆ ಕುದಿನೀರಿನಲ್ಲಿ ಗೂಡಿನ ಎಳೆ ಹಿಡಿಯುವವನ ಎರಡೂ ಕೈ ಒದ್ದೆ, ಎರಡಕ್ಕೂ ಕೆಲಸ; ಎದ್ದು ಹೋದಾಗ ಸಿಗುವುದು ಒಂದು ಬೀಡಿಯ ಬಿಡುವು.

ಇಲ್ಲಿ ಕಾಲಕ್ರಮದ ಆಕ್ಷೇಪವೊಂದು ಏಳುತ್ತದೆ, ಅದು ನ್ಯಾಯವಾದದ್ದೇ. ಚಿಲುಮೆ, ಚುಟ್ಟಗಳು ರೇಷ್ಮೆಗಿಂತ ಹಳೆಯವು. ರೇಷ್ಮೆ ಮನೆಮನೆಯ ಕಸುಬಾಗುವ ಮೊದಲೇ ಸಣ್ಣದು ಗೆದ್ದಿತ್ತಲ್ಲ? ಗೌರಿಬಿದನೂರಿನ ಕಡಲೆಕಾಯಿ, ಜೋಳದ ಹೊಲಗಳಲ್ಲಿ ರೇಷ್ಮೆ ಇಲ್ಲದ ಮನೆಗಳೂ ಗುಡುಗುಡಿ ಇಟ್ಟುಕೊಳ್ಳಲಿಲ್ಲವಲ್ಲ? ನಿಜ. ರೇಷ್ಮೆ ಈ ಆಯ್ಕೆಯನ್ನು ಹುಟ್ಟಿಸಲಿಲ್ಲ, ಹಿಂದಿರುಗದಂತೆ ಬಾಗಿಲು ಹಾಕಿತು. ಒಂದು ಸೀಮೆಗೆ ಹಣ ಬಂದಾಗ ಜನ ಮೇಲಿನವರ ವಸ್ತುಗಳನ್ನು ಮನೆಗೆ ತರುವುದು ಎಲ್ಲ ಕಡೆ ಕಾಣುವ ಸಂಗತಿ. ಗೂಡಿನ ಹಣ ಬಂದಾಗ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೈತ ಹೆಂಚಿನ ಮನೆ ಕಟ್ಟಿದ, ಬಂಗಾರ ಮಾಡಿಸಿದ, ಮಕ್ಕಳನ್ನು ಓದಿಸಿದ. ದೊಡ್ಡ ಹುಕ್ಕಾ ಜಗಲಿಗೆ ಏರುವುದಿದ್ದರೆ ಅದೇ ತಕ್ಕ ಕಾಲವಾಗಿತ್ತು. ಆದರೆ ಹಣ ತಂದ ಹುಳುವೇ ಹೊಗೆಯನ್ನು ಮನೆಯಿಂದ ಹೊರಗಟ್ಟಿತ್ತು. ಅದೇ ಹೊತ್ತಿಗೆ ರೈಲೂ ಬಂತು. ಗೌರಿಬಿದನೂರು 1890ರ ದಶಕದಲ್ಲೇ ಗುಂತಕಲ್ ಮಾರ್ಗದ ನಿಲ್ದಾಣವಾಗಿತ್ತು. 1913ರಿಂದ 1918ರ ನಡುವೆ ಬೌರಿಂಗ್‌ಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಪೋಣಿಸಿಕೊಂಡು ಯಲಹಂಕದವರೆಗೆ ಚಿಕ್ಕ ಹಳಿಯ ಗಾಡಿ ಓಡತೊಡಗಿತು. ಕಾರ್ಖಾನೆಯ ಬೀಡಿ ಕಟ್ಟು, ಬೆಂಕಿಪೊಟ್ಟಣಗಳು ಅಂಗಡಿಗೆ ಬಂದ ಮೇಲೆ ಚಿಲುಮೆಯೂ ಹಿಂದೆ ಸರಿದು ಸಾಧು, ಫಕೀರರ ಕೈಗೆ ಸೀಮಿತವಾಯಿತು. ಸಣ್ಣದನ್ನು ಇನ್ನೂ ಸಣ್ಣದು ಸೋಲಿಸಿತೇ ಹೊರತು ದೊಡ್ಡದು ಯಾವ ಹಂತದಲ್ಲೂ ಸ್ಪರ್ಧೆಗಿಳಿಯಲಿಲ್ಲ.

ಈ ವಾದವನ್ನು ದೂರದ ಊರಿನಲ್ಲಿಟ್ಟು ಪರೀಕ್ಷಿಸಬಹುದು. ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದಲ್ಲಿ ಬ್ರೈಯರ್ ಎಂಬ ಮೆಡಿಟರೇನಿಯನ್ ಪೊದೆಯ ಬೇರುಗಂಟಿನಿಂದ ಪೈಪು ಮಾಡುವ ಕಸುಬು ಬೆಳೆಯಿತು. 1907ರಲ್ಲಿ ಲಂಡನ್ನಿನಲ್ಲಿ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್‌ನಂಥವರ ಕೈಯಲ್ಲಿ ಬಿಲಿಯರ್ಡ್, ಬುಲ್‌ಡಾಗ್, ಆ್ಯಪಲ್ ಮುಂತಾದ ಆಕಾರಗಳು ಅಚ್ಚಿನಂತೆ ಸ್ಥಿರವಾದವು. ಇವೆಲ್ಲ ಕೋಟಿನ ಜೇಬಿನಲ್ಲಿ ಹಿಡಿಯುವ, ಹಲ್ಲಿನಲ್ಲಿ ಕಚ್ಚಿ ಎರಡೂ ಕೈಯಿಂದ ಕೆಲಸ ಮಾಡಬಹುದಾದ ಗಾತ್ರದವು. ಸೇದುವವರಲ್ಲಿ ಗುಮಾಸ್ತ, ನಾವಿಕ, ಸೈನಿಕರಿದ್ದರು. ಎರಡನೆಯ ಮಹಾಯುದ್ಧದ ನಂತರ ಕೋಪನ್‌ಹೇಗನ್ನಿನಲ್ಲಿ ಸಿಕ್ಸ್‌ಟೆನ್ ಇವಾರ್ಸನ್ ಅಚ್ಚನ್ನು ಬಿಟ್ಟು ಮರದ ಎಳೆ ಹೋದತ್ತ ಕೈ ಒಯ್ದು ಪೈಪು ರೂಪಿಸತೊಡಗಿದ. ಮುಂದೆ ಪ್ರೆಬೆನ್ ಹೋಲ್ಮ್‌ನಂಥವರು 1960, 70ರ ದಶಕಗಳಲ್ಲಿ ಬೇರಿನ ಒರಟು ಮೇಲ್ಮೈಯನ್ನು ಹಾಗೇ ಉಳಿಸಿ, ಅಂಗೈ ತುಂಬುವಷ್ಟು ದೊಡ್ಡ ಪೈಪುಗಳನ್ನು ಮಾಡಿ ಅಮೆರಿಕಕ್ಕೆ ಕಳಿಸಿದರು. ಅವು ಭಾರಿ ಬೇಡಿಕೆ ಕಂಡವು. ಆ ಹೊತ್ತಿಗೆ ಅವಸರದಲ್ಲಿ ಸೇದುವವನು ಸಿಗರೇಟಿಗೆ ಹೋಗಿಯಾಗಿತ್ತು. ಪೈಪಿನ ಜೊತೆ ಉಳಿದವನು ಸಂಜೆ ಆರಾಮಕುರ್ಚಿಯಲ್ಲಿ ಕೂರುವವನು, ಸಂಗ್ರಹ ಮಾಡುವವನು. ಕೂರುವ ಹೊತ್ತು ಹೆಚ್ಚಿತು, ಬಟ್ಟಲೂ ದೊಡ್ಡದಾಯಿತು. ಬಿಜಾಪುರದ ಮೂರು ಮೊಳದ ನಳಿಗೆಗೂ ಕೋಪನ್‌ಹೇಗನ್ನಿನ ಒರಟು ಬೇರಿನ ಬಟ್ಟಲಿಗೂ ಇರುವ ನಂಟು ಇದು: ಎರಡೂ ಕೆಲಸ ನಿಲ್ಲಿಸಿ ಕೂತವನಿಗಾಗಿ, ಅವನನ್ನು ನೋಡುವವರಿಗಾಗಿ ಆದವು.

ಹಾಗಾದರೆ ರುಚಿಗೆ, ಕುಶಲಿಗನ ಕೈಗೆ ಪಾತ್ರವೇ ಇಲ್ಲವೇ? ಇದೆ. ಬಿದರಿಯ ಪಾತ್ರೆಯ ಮೇಲೆ ಬಳ್ಳಿ ಕೂರಿಸಬೇಕೋ ಗಸಗಸೆ ಹೂವೋ ಎಂಬುದು, ಚಿಲುಮೆಯ ಬಾಯಿಗೆ ಎಷ್ಟು ಗೆರೆ ಎಳೆಯಬೇಕು ಎಂಬುದು, ಯಾವ ಊರಿನ ಸೊಪ್ಪು ಖಾರ ಎಂಬುದು ರುಚಿಯ ಮಾತುಗಳೇ. ಆದರೆ ಅವು ಗಾತ್ರ ನಿರ್ಧಾರವಾದ ಮೇಲೆ ಶುರುವಾಗುವ ಮಾತುಗಳು. ಕುಂಬಾರ ಬೇಕೆಂದರೆ ಮೊಳದುದ್ದದ ಚಿಲುಮೆ ಮಾಡಬಲ್ಲ. ಕಪಿಲೆ ಹೊಡೆಯುವವನು ಅದನ್ನು ಕೊಳ್ಳುವುದಿಲ್ಲ. ದೊಡ್ಡದನ್ನು ಆಯುವುದು ಸಂಸ್ಕಾರದ ಲಕ್ಷಣ, ಸಣ್ಣದಕ್ಕೆ ಅಂಟಿಕೊಳ್ಳುವುದು ಹಳ್ಳಿಗಾಡಿನ ಜಡತನ ಎಂಬ ಎಣಿಕೆ ಇದರಿಂದ ತಪ್ಪೆಂದು ತಿಳಿಯುತ್ತದೆ. ಸಣ್ಣದೇ ನಿಜವಾದ ದೇಸಿ, ದೊಡ್ಡದು ಆಡಂಬರ ಎಂಬ ತಿರುಗುಮಾತೂ ಅಷ್ಟೇ ತಪ್ಪು. ಹರಿಯಾಣದ ಚೌಪಾಲಿನ ಹುಕ್ಕಾ ಆಡಂಬರವಲ್ಲ, ಅಲ್ಲಿಯ ಕೂಡುಬಾಳಿನ ಪೀಠ. ನಮ್ಮ ಜಗಲಿಯಲ್ಲಿ ಆ ಪೀಠದ ಮೇಲೆ ಎಲೆಅಡಿಕೆಯ ತಟ್ಟೆ ಮೊದಲೇ ಕೂತಿತ್ತು.

ಕೊನೆಗೆ ದೊಡ್ಡದು ಈ ಕಡೆಗೆ ಬಂದದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ, ಅದೂ ಹಳ್ಳಿಯ ದಾರಿಯಿಂದಲ್ಲ. ಬೆಂಗಳೂರಿನ ಹುಕ್ಕಾ ಬಾರುಗಳಲ್ಲಿ ಗಾಜಿನ ಪಾತ್ರೆ, ಹಣ್ಣಿನ ಪರಿಮಳದ ಸೊಪ್ಪಿನೊಡನೆ ಅದು ಯುವಕರ ಬಿಡುವಿನ ಸಾಧನವಾಯಿತು. ವಾರಾಂತ್ಯಕ್ಕೆ ಎರಡು ಮೂರು ಗಂಟೆ ಒಂದೆಡೆ ಕೂರುವ ಗುಂಪು ಸಿಕ್ಕ ಕೂಡಲೇ ಹುಕ್ಕಾ ಹಿಂದಿರುಗಿತು; ನಾನೂರು ವರ್ಷದ ಹಿಂದಿನ ಷರತ್ತೇ ಈಗಲೂ ನಡೆಯಿತು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಆರೋಗ್ಯದ ಕಾರಣಕ್ಕೆ ಹುಕ್ಕಾದ ಮಾರಾಟವನ್ನೂ ಬಾರುಗಳನ್ನೂ ನಿಷೇಧಿಸಿತು. ನಿಷೇಧದ ಗುರಿ ಸರಿಯಾದದ್ದೇ. ನೀರಿನ ಮೂಲಕ ಬಂದ ಹೊಗೆಯೂ ಹೊಗೆಯೇ. ಆದರೆ ಈ ಸೀಮೆಯ ಚರಿತ್ರೆ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಇಲ್ಲಿ ಹೊಗೆಸೊಪ್ಪು ಬದುಕಿದ್ದು ಕಣ್ಣಿಗೆ ಬೀಳುವ ದೊಡ್ಡ ಪಾತ್ರೆಯಲ್ಲಿ ಅಲ್ಲ, ಕೆಲಸದ ನಡುವಿನ ಐದು ನಿಮಿಷದಲ್ಲಿ, ಸೊಂಟದ ಸಂಚಿಯಲ್ಲಿ. ಹುಕ್ಕಾ ಬಾರಿಗೆ ಬೀಗ ಹಾಕುವುದು ಒಂದು ದಿನದ ಕೆಲಸ. ಬೀಡಿ ಮತ್ತು ಕಡ್ಡಿಪುಡಿಯನ್ನು ಬಿಡಿಸಬೇಕಾದರೆ ದುಡಿಯುವವನಿಗೆ ಆ ಐದು ನಿಮಿಷದಲ್ಲಿ ಬೇರೇನು ಕೊಡುತ್ತೇವೆ ಎಂದು ಯೋಚಿಸಬೇಕಾಗುತ್ತದೆ. ಶಿಡ್ಲಘಟ್ಟದ ಹುಳು ಮನೆ ಆ ದಿಕ್ಕಿನಲ್ಲಿ ಒಂದು ದಾರಿ ತೋರಿಸಿದೆ: ಹೊಗೆಸೊಪ್ಪು ಬೆಳೆಯನ್ನೇ ಕೊಲ್ಲುತ್ತದೆ ಎಂದು ಕಣ್ಣಾರೆ ಕಂಡ ರೈತ ಯಾವ ಕಾನೂನಿಗೂ ಕಾಯದೆ ಅದನ್ನು ಹೊಸ್ತಿಲಾಚೆ ಇಟ್ಟ.